ವರ್ಲಿನ್ ಬೋಲಿಕ್‌ನ ಹಿಮ್ಮಡಿ

ಹಿಂದಿನಿಂದ ಬರುವವರಿಗೆ ದಾರಿ ಬಿಡುವುದರಲ್ಲಿ ವರ್ಲಿನ್ ಬೋಲಿಕ್‌ನಷ್ಟು ಮರ್ಯಾದಸ್ಥ ಇಡೀ ಕರೋಲಿನಾದಲ್ಲಿ ಇನ್ನೊಬ್ಬನಿರಲಿಲ್ಲ. ಇದು ಹೊಗಳಿಕೆಯ ಮಾತಲ್ಲ. ರೇಸಿನಲ್ಲಿ ದಾರಿ ಬಿಡುವವನು ಅಂದರೆ ಸೋಲುವವನು. ದುಡ್ಡಿದ್ದವರ ಕಾರುಗಳು ಹೊಸ ಎಂಜಿನ್ನು, ಹೊಸ ಟೈರು ಹಾಕಿಕೊಂಡು ಅವನ ಬೆನ್ನಿಗೆ ಬಂದು ಗುರ್ರೆಂದರೆ, ಕಿಟಕಿಯಾಚೆ ಕೈ ಹಾಕಿ ‘ಹೋಗಪ್ಪ, ಹೋಗು’ ಎಂದು ಬೀಸುತ್ತಿದ್ದ. ಅವರು ಹೋಗುತ್ತಿದ್ದರು. ಇವನು ಅವರು ಎಬ್ಬಿಸಿದ ಧೂಳು ಕುಡಿಯುತ್ತಿದ್ದ.

ಟ್ರ್ಯಾಕಿನಲ್ಲಿ ಮೂವತ್ತು ನಲವತ್ತು ಕಾರು ಸಾಲುಗಟ್ಟಿ ನಿಂತರೇ ಜನ ಟಿಕೆಟ್ಟು ಕೊಳ್ಳುವುದು. ಗೆಲ್ಲುವವರು ಆರೇಳು ಮಂದಿ ಮಾತ್ರ. ಮಿಕ್ಕವರೆಲ್ಲ ಸಾಲು ತುಂಬುವವರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ವರ್ಲಿನ್ ಹದಿಮೂರು ವರ್ಷ ಸಾಲು ತುಂಬಿದ. ವಾರವಿಡೀ ಬ್ರಶಿ ಫೋರ್ಕಿನ ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ರಿಪೇರಿ. ಶನಿವಾರ ಬಂತೆಂದರೆ ತನ್ನ ಹಳೆಯ ಫೋರ್ಡನ್ನು ಟ್ರಕ್ಕಿನ ಹಿಂದಕ್ಕೆ ಕಟ್ಟಿ, ಹೆಂಡತಿಯನ್ನೂ ಹೆಂಡತಿಯ ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಕಂಪನಿಗಳ ದುಡ್ಡಿನಲ್ಲಿ ಓಡುವ ಕಾರಿನವರು ಅರ್ಧ ಸವೆಸಿ ಬಿಸಾಕಿದ ಟೈರುಗಳೇ ಅವನ ಟೈರು.

ಇಷ್ಟು ಸೋತೂ ಯಾಕೆ ಹೋಗುತ್ತಿದ್ದ ಎಂದು ಯಾರಾದರೂ ಕೇಳಿದರೆ, ‘ಭಾನುವಾರ ಚರ್ಚಲ್ಲಿ ನಿದ್ದೆ ಬರ್ತದೆ, ಅದಕ್ಕೆ’ ಎನ್ನುತ್ತಿದ್ದ. ನಿಜವಾದ ಕಾರಣ ಓಜೆಲ್‌ಗೆ ಮಾತ್ರ ಗೊತ್ತಿತ್ತು. ಓಜೆಲ್ ಅಂದರೆ ಹೆಂಡತಿ, ಅದೇ ಮಿಲ್ಲಿನಲ್ಲಿ ನೇಯುವವಳು.

ಕಾರಣ ಅವನ ಅಪ್ಪ. ದೊಡ್ಡ ಮುಷ್ಕರದ ವರ್ಷ ವರ್ಲಿನ್ ಆರು ವರ್ಷದ ಹುಡುಗ. ಅಪ್ಪ ಲಾಸನ್ ಬೋಲಿಕ್ ಮಿಲ್ಲಿನ ಗೇಟಿನ ಮುಂದೆ ಬಂದೂಕದವರ ಎದುರು ನಿಂತವನು. ಮೂರು ವಾರಕ್ಕೆ ಮುಷ್ಕರ ಮುರಿಯಿತು. ಮಿಲ್ಲಿನ ಮನೆಯಿಂದ ಇವರ ಮಂಚ, ಒಲೆ, ಹಿಟ್ಟಿನ ಡಬ್ಬಿ ಎಲ್ಲವನ್ನೂ ತಂದು ಕೆಮ್ಮಣ್ಣಿನ ರಸ್ತೆಗೆ ಸುರಿದರು. ಸುತ್ತಲ ಮಿಲ್ಲುಗಳಿಗೆಲ್ಲ ಅಪ್ಪನ ಹೆಸರು ಹೋಯಿತು: ಈ ಮನುಷ್ಯನಿಗೆ ಕೆಲಸ ಕೊಡಬೇಡಿ. ಹೆಸರಿಗೆ ಕೆಲಸ ಇಲ್ಲವೆಂದ ಮೇಲೆ ಅಪ್ಪ ಹೆಸರನ್ನೇ ಬಿಟ್ಟ. ಸತ್ತುಹೋಗಿದ್ದ ಸೋದರತ್ತೆಯ ಮಗನ ಹೆಸರು ಹೇಳಿಕೊಂಡು ಪಕ್ಕದ ಜಿಲ್ಲೆಯ ಮಿಲ್ಲಿಗೆ ಸೇರಿದ. ಹೋಮರ್ ಸ್ಪೀಗಲ್. ಹನ್ನೊಂದು ವರ್ಷ ಹೋಮರನಾಗಿಯೇ ದುಡಿದ, ಹೋಮರನಾಗಿಯೇ ಕೆಮ್ಮಿದ, ಹತ್ತಿಯ ಧೂಳು ಎದೆಗೆ ಕಟ್ಟಿ ಸತ್ತ. ಮಣ್ಣಿಗೆ ಬಂದ ಮಿಲ್ಲಿನ ಜನ ಪೆಟ್ಟಿಗೆಯ ಪಕ್ಕ ಟೋಪಿ ತೆಗೆದು ನಿಂತು, ‘ಹೋಮರ್ ಒಳ್ಳೇ ಮನುಷ್ಯ ಕಣಮ್ಮ’ ಎಂದು ಅವ್ವನ ಕೈ ಹಿಡಿದುಕೊಂಡರು. ಅವ್ವ ‘ಹೌದು’ ಎಂದಳು. ಹದಿನೆಂಟರ ವರ್ಲಿನ್ ಪಕ್ಕದಲ್ಲೇ ನಿಂತಿದ್ದ. ಯುದ್ಧದಲ್ಲಿ ಆಳು ಸಾಲದೆ ಮಿಲ್ಲಿನವರಿಗೆ ಹಳೆಯ ದ್ವೇಷ ಮರೆತುಹೋಗಿತ್ತು. ಅವನು ಆಗಲೇ ತನ್ನ ಹೆಸರಿನಲ್ಲಿಯೇ ಕೆಲಸಕ್ಕಿದ್ದ. ಅಪ್ಪನಿಗೆ ಮಾತ್ರ ಆ ಭಾಗ್ಯ ಬರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ದಿನ ಓಜೆಲ್‌ಗೆ ಹೇಳಿದ್ದ: ‘ಸಾವಿರಾರು ಜನ ಕೂತಿರ್ಬೇಕು. ಗೆದ್ದೋನು ಬೋಲಿಕ್ ಅಂತ ಮೈಕಲ್ಲಿ ಒಂದ್ಸಲ ಕೂಗ್ಬೇಕು. ಒಂದೇ ಸಲ ಸಾಕು.’

ಓಜೆಲ್ ನಗಲಿಲ್ಲ. ‘ಕೂಗಿಸ್ಕೊ. ಆದ್ರೆ ಸೋಮವಾರ ಕೆಲಸಕ್ಕೆ ತಡ ಮಾಡ್ಬೇಡ’ ಎಂದಿದ್ದಳು.

ಇಲ್ಲಿ ಮಿಲ್ಲಿನ ಒಂದು ರಿವಾಜು ಹೇಳಬೇಕು. ಅದಿಲ್ಲದೆ ಮುಂದಿನ ಕಥೆಯಿಲ್ಲ. ನೇಯುವವಳಿಗೆ ಹೊಟ್ಟೆ ಹಸಿದರೂ, ಹೊಟ್ಟೆ ಕೆಟ್ಟರೂ ಮಗ್ಗ ನಿಲ್ಲುವುದಿಲ್ಲ. ಆಗ ಪಕ್ಕದ ಮಗ್ಗದವಳಿಗೋ ರಿಪೇರಿಯವನಿಗೋ ಕಣ್ಣಲ್ಲೇ ಸನ್ನೆ ಮಾಡಿ ಹೋಗುತ್ತಾಳೆ. ಅವಳು ಬರುವತನಕ ಇವರು ಆ ಮಗ್ಗ ನೋಡಿಕೊಳ್ಳಬೇಕು. ಎಳೆ ಕಡಿದರೆ ಕಟ್ಟಬೇಕು, ಲಾಳಿ ಖಾಲಿಯಾದರೆ ತುಂಬಬೇಕು. ಅಷ್ಟರಲ್ಲಿ ನೆಯ್ದದ್ದು ಯಾರ ಬಟ್ಟೆ? ಮಗ್ಗ ಯಾರದೋ ಅವರದು. ನೋಡಿಕೊಂಡವನು ಅದರಲ್ಲಿ ಒಂದು ಗೇಣು ತನ್ನದೆನ್ನುವಂತಿಲ್ಲ. ಪ್ರತಿಯಾಗಿ ಅವಳ ಊಟದ ಡಬ್ಬಿಯಿಂದ ಏನಾದರೂ ಒಂದು ತುಣುಕು ಬರುತ್ತದೆ: ಅರ್ಧ ಬಿಸ್ಕತ್ತು, ಒಂದು ಕರಿದ ಸೇಬಿನ ಕಡುಬು. ಓಜೆಲ್‌ಳ ಮಗ್ಗ ನೋಡಿಕೊಂಡು, ಅವಳ ಕಡುಬು ತಿಂದೇ ವರ್ಲಿನ್ ಅವಳನ್ನು ಮದುವೆಯಾದದ್ದು.

ರೇಸಿನಲ್ಲೂ ಹೆಚ್ಚು ಕಮ್ಮಿ ಇದೇ ರಿವಾಜಿತ್ತು. ಓಡಿಸುವವನಿಗೆ ಬಿಸಿಲು ಹೊಡೆದರೆ, ತಲೆ ಸುತ್ತಿದರೆ, ಕಾರು ಕೆಟ್ಟು ಸುಮ್ಮನೆ ಕೂತ ಇನ್ನೊಬ್ಬನನ್ನು ಕರೆದು ಕೂರಿಸುತ್ತಿದ್ದರು. ಅವನು ಕೊನೆತನಕ ಓಡಿಸಬಹುದು, ಗೆಲ್ಲಲೂ ಬಹುದು. ಗೆಲುವು ಮಾತ್ರ ರೇಸು ಶುರುಮಾಡಿದವನ ಹೆಸರಿಗೆ.

ಪೈನ್ ಹಾಲೋ ಟ್ರ್ಯಾಕಿನಲ್ಲಿ ಜುಲೈ ಬಿಸಿಲಿಗೆ ಡಾಂಬರು ಕರಗುತ್ತಿದ್ದ ಒಂದು ಮಧ್ಯಾಹ್ನ ವರ್ಲಿನ್‌ಗೆ ಅಂಥ ಕರೆ ಬಂತು. ಅವನ ಕಾರಿನ ಆಕ್ಸಲ್ಲು ಆರಂಭದಲ್ಲೇ ಮುರಿದಿತ್ತು. ಟೈರಿನ ಮೇಲೆ ಕೂತು, ಕೋಲಾ ಬಾಟಲಿಗೆ ಕಡಲೆಕಾಯಿ ಬೀಜ ಸುರಿದುಕೊಂಡು ಕುಡಿಯುತ್ತಿದ್ದ. ಆಗ ಗ್ರೇಡಿ ವಿಸ್ನಂಟ್‌ನ ಕಾರು ಪೆಟ್ರೋಲು, ರಿಪೇರಿಗೆಂದು ಟ್ರ್ಯಾಕಿನ ಬದಿಯಲ್ಲಿ ನಿಲ್ಲಿಸುವ ಜಾಗಕ್ಕೆ, ಅಂದರೆ ಪಿಟ್ಟಿಗೆ, ಬಂದು ನಿಂತಿತು. ಗ್ರೇಡಿ ಅಂದರೆ ಆಗ ಎಲ್ಲರ ಬಾಯಲ್ಲಿದ್ದ ಹೆಸರು. ಎತ್ತರದ ಆಳು, ಬಿಳಿ ಹಲ್ಲು, ಪೋಸ್ಟರಿನಲ್ಲಿ ಚೆನ್ನಾಗಿ ಕಾಣುವ ಮುಖ. ಆ ಮುಖ ಈಗ ಹಸಿರಾಗಿತ್ತು. ಅವನನ್ನು ಕಿಟಕಿಯಿಂದ ಹಸಿ ಮೂಟೆಯ ಹಾಗೆ ಎಳೆದು ಹಾಕಿದರು. ನೆಲಕ್ಕೆ ಬಿದ್ದವನೇ ವಾಂತಿ ಮಾಡಿದ.

ಕಾರಿನ ಯಜಮಾನ ಸುತ್ತ ನೋಡಿದ. ಸಿಕ್ಕಿದ್ದು ವರ್ಲಿನ್.

‘ಲೇ ಬೋಲಿಕ್! ಹತ್ತೋ!’

‘ನನ್ನ ಹೆಲ್ಮೆಟ್ಟು ಟ್ರಕ್ಕಲ್ಲೈತೆ.’

‘ಅವನ್ದೇ ಹಾಕ್ಕೊ.’

‘ಅದರೊಳಕ್ಕೂ ಕಕ್ಕವ್ನಲ್ಲ!’

‘ಒರೆಸ್ಕೊಂಡು ಹಾಕ್ಕೊಳೋ, ಮದುಮಗನ ಥರ ಆಡಬೇಡ!’

ಒರೆಸಿ ಹಾಕಿಕೊಂಡ. ನಾಲ್ಕನೆಯ ಜಾಗದಲ್ಲಿದ್ದ ಕಾರದು. ಹನ್ನೆರಡು ವರ್ಷದಲ್ಲಿ ವರ್ಲಿನ್‌ಗೆ ಮೊದಲ ಸಲ ಕೈಗೆ ನಿಜವಾದ ಕಾರು ಸಿಕ್ಕಿತ್ತು. ಅವನ ಫೋರ್ಡಿಗೆ ಬೇಡಿಕೊಳ್ಳಬೇಕಾಗಿತ್ತು. ಇದು ಕೇಳುವ ಮೊದಲೇ ಕೊಡುತ್ತಿತ್ತು. ತಿರುವಿನಲ್ಲಿ ಹಿಂದಿನ ಚಕ್ರ ಜಾರದೆ ಹಿಡಿದುಕೊಂಡಾಗ ಅವನು ಒಳಗೊಳಗೇ ಬಯ್ದುಕೊಂಡ. ಗ್ರೇಡಿಯನ್ನಲ್ಲ, ತಾನು ಸವೆದ ಟೈರಿನ ಮೇಲೆ ಕಳೆದ ವರ್ಷಗಳನ್ನು. ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ಕೊನೆಯವನು ಸುಲಭಕ್ಕೆ ಬಿಡಲಿಲ್ಲ. ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಮೂರು ಸುತ್ತು ಓಡಿದರು. ವರ್ಲಿನ್ ಗೆದ್ದ.

‘ಗೆದ್ದವರು, ಗ್ರೇಡಿ ವಿಸ್ನಂಟ್!’ ಎಂದು ಮೈಕು ಕೂಗಿತು.

ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡ ಗ್ರೇಡಿಯನ್ನು ಇಬ್ಬರು ಹಿಡಿದುಕೊಂಡು ಬಂದು ಕಪ್ಪು ಕೊಡಿಸಿದರು. ಸುಂದರಿಯೊಬ್ಬಳು ಮುತ್ತು ಕೊಡಲು ಬಾಗಿದಳು. ಗ್ರೇಡಿ ಕಪ್ಪಿನೊಳಕ್ಕೇ ಇನ್ನೊಮ್ಮೆ ವಾಂತಿ ಮಾಡಿದ. ವರ್ಲಿನ್ ಅದನ್ನು ನೋಡಲಿಲ್ಲ. ಬದಲಿಗೆ ಓಡಿಸಿದವನು ಆ ಕಡೆ ಸುಳಿಯಬಾರದು. ಅದೂ ರಿವಾಜೇ. ಅವನು ತನ್ನ ಮುರಿದ ಕಾರನ್ನು ಟ್ರಕ್ಕಿಗೆ ಕಟ್ಟುತ್ತಿದ್ದ. ಹೆಲ್ಮೆಟ್ಟು ವಾಪಸು ತೆಗೆದುಕೊಳ್ಳಲು ಗ್ರೇಡಿಯ ಕಡೆಯವನೊಬ್ಬ ಬಂದ. ಥ್ಯಾಂಕ್ಸ್ ಎಂದನೋ ಇಲ್ಲವೋ, ವರ್ಲಿನ್‌ಗೆ ಕೇಳಿಸಲಿಲ್ಲ.

ವಾಪಸು ಬರುವಾಗ ಟ್ರಕ್ಕಿನಲ್ಲಿ ಓಜೆಲ್‌ಳ ತಮ್ಮ ಕೋಯ್ ಸಿಗ್ಮನ್ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದ.

‘ಚೆನ್ನಾಗಿ ಓಡಿಸ್ದೆ’ ಎಂದಳು ಓಜೆಲ್.

‘ಯಾರು? ಗ್ರೇಡಿನಾ?’

‘ಮೂತಿ ಯಾಕೆ ಊದಿಸ್ತೀಯ? ಅವನ ಮಗ್ಗ, ಅವನ ಬಟ್ಟೆ. ನಿಂಗೆ ಗೊತ್ತಿಲ್ದೆ ಇರೋದಾ?’

‘ಮಗ್ಗಕ್ಕೆ ಯಾರೂ ಕಪ್ ಕೊಡಲ್ಲ ಕಣೇ. ಮೈಕಲ್ಲಿ ಕೂಗಲ್ಲ.’

‘ಹಂಗಾದ್ರೆ ನಾನು ಕಕ್ಕಸ್ಸಿಗೆ ಹೋದಾಗ ನನ್ನ ಮಗ್ಗದಲ್ಲಿ ನೀನು ನೆಯ್ದಿದ್ದು ಇವತ್ತಿಂದ ನಿಂದು. ತಗೊ. ಲಂಗ ಹೊಲಿಸ್ಕೊ.’

ಕೋಯ್ ನಿದ್ದೆಯಲ್ಲೇ ನಕ್ಕ. ಅಂದರೆ ನಿದ್ದೆ ಮಾಡುತ್ತಿರಲಿಲ್ಲ.

‘ಒಂದು ಕಡುಬಾದ್ರೂ ಕಳಿಸ್ಬಹುದಿತ್ತು’ ಎಂದ ವರ್ಲಿನ್.

‘ಅವನು ಬೆಟ್ಟದ ಕಡೆಯೋನು. ಮಿಲ್ಲಿನ ಮರ್ಯಾದೆ ಎಲ್ಲಿಂದ ಗೊತ್ತಾಗ್ಬೇಕು?’

ಅಲ್ಲಿಗೆ ಮಾತು ಮುಗಿಯಿತು. ಆದರೆ ಆಮೇಲೆ ಹಿಂದಿನಿಂದ ಕಾರು ಬಂದಾಗ ವರ್ಲಿನ್ ಕೈ ಬೀಸುವುದು ಕಡಿಮೆಯಾಯಿತು ಎಂದು ನೋಡಿದವರು ಹೇಳುತ್ತಾರೆ.

ಮರುವರ್ಷ ಬೇಸಿಗೆಯಲ್ಲಿ ಒಂದು ಡಿಕ್ಕಿಯಲ್ಲಿ ಫೋರ್ಡಿನ ತಳದ ತಗಡು ಹರಿದುಹೋಯಿತು. ಅದೂ ಬಲಗಾಲು ಇಡುವ ಕಡೆ, ಹೊಗೆಪೈಪು ಹಾದುಹೋಗುವ ಜಾಗದಲ್ಲಿ. ರಸ್ತೆ ಬದಿಯ ಸೂಚನಾ ಫಲಕಗಳೆಂದರೆ ಬಡ ರೇಸುಗಾರರಿಗೆ ದೇವರು ಕಳಿಸಿದ ತಗಡು. ಅಲ್ಯುಮಿನಿಯಮ್ಮು, ಹಗುರ, ತುಕ್ಕು ಹಿಡಿಯುವುದಿಲ್ಲ, ಸರ್ಕಾರದ್ದು. ಕೋಯ್ ಎಲ್ಲಿಂದಲೋ ಒಂದನ್ನು ಕಿತ್ತು ತಂದ. ಹಳದಿ ಬಣ್ಣದ್ದು. ‘ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ.’

‘ಬೇರೆ ಸಿಗಲಿಲ್ವೇನೋ ನಿಂಗೆ?’ ಎಂದ ವರ್ಲಿನ್.

‘ಓಡಿಸೋನಿಗೆ ತಕ್ಕಂತೆ ತಂದಿದೀನಿ ಭಾವ. ನೀನು ಹೆಂಗೂ ನಿಧಾನ.’

‘ಮಕ್ಕಳು ಶಾಲೆಗೆ ಹೋಗ್ತಾ ಸತ್ತರೆ?’

‘ಆ ಶಾಲೆ ಮುಚ್ಚಿ ನಾಲ್ಕು ವರ್ಷ ಆಯ್ತು.’

ರಿವೆಟ್ಟು ಹೊಡೆದು ಕೂರಿಸಿದರು. ಹೊಗೆಪೈಪಿನ ಬಿಸಿ ತಡೆಯಲು ಅದರ ಕೆಳಗೆ ಕಲ್ನಾರಿನ ಹಾಳೆ ಹಾಕಬೇಕಿತ್ತು. ಹಳೆಯ ಹಾಳೆ ಡಿಕ್ಕಿಯಲ್ಲಿ ಪುಡಿಯಾಗಿತ್ತು, ಹೊಸದು ತರೋಣವೆಂದರೆ ಅಂಗಡಿ ಬಾಗಿಲು ಹಾಕಿತ್ತು. ಇರಲಿ ಬಿಡು ಎಂದುಕೊಂಡ ವರ್ಲಿನ್. ಅವನ ಕಾರು ಯಾವತ್ತೂ ಅರ್ಧ ರೇಸು ದಾಟುತ್ತಿರಲಿಲ್ಲ. ಒಂದೋ ಎಂಜಿನ್ನು ಕೈಕೊಡುತ್ತಿತ್ತು, ಇಲ್ಲ ಬ್ರೇಕು. ಅರ್ಧ ರೇಸಿಗೆ ತಗಡು ಅಷ್ಟೇನೂ ಕಾಯುವುದಿಲ್ಲ. ಸಾಲು ತುಂಬುವವನು ಮಾತ್ರ ಮಾಡಬಲ್ಲ ತಪ್ಪು ಅದು. ಗೆಲ್ಲುವ ಅಭ್ಯಾಸವಿದ್ದವನು ಕೊನೆತನಕ ಯೋಚಿಸುತ್ತಾನೆ. ಇವನು ಸೋಲುವಷ್ಟಕ್ಕೆ ಮಾತ್ರ ತಯಾರಾಗಿ ಹೋದ.

ಆ ಭಾನುವಾರ ಕ್ಯಾಟಲ್ ಕ್ರೀಕಿನಲ್ಲಿ ದೇವರಿಗೆ ಏನನ್ನಿಸಿತೋ! ಟ್ರ್ಯಾಕಿಗೆ ಹೊಸದಾಗಿ ಡಾಂಬರು ಹಾಕಿದ್ದರು. ಅದು ಒರಟೊರಟಾಗಿ, ಹೊಸ ಮೆತ್ತನೆಯ ಟೈರುಗಳನ್ನು ಬೆಣ್ಣೆ ಹೆರೆದಂತೆ ಹೆರೆಯಿತು. ಕಂಪನಿಯ ಕಾರುಗಳು ಒಂದರ ಹಿಂದೊಂದು ಟೈರು ಸಿಡಿದು ಗೋಡೆಗೆ ಬಡಿದವು. ಮುಂದಿದ್ದ ನಾಲ್ವರು ಒಂದೇ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಗ್ರೇಡಿಯ ಎಂಜಿನ್ನು ಹೊಗೆಯುಗುಳಿ ಸತ್ತಿತು. ವರ್ಲಿನ್‌ನ ಟೈರುಗಳೋ, ಹೋದ ತಿಂಗಳು ಗ್ರೇಡಿಯೇ ಬಿಸಾಕಿದ್ದವು. ಮುದುಕನ ಹಿಮ್ಮಡಿಯ ಹಾಗೆ ಗಟ್ಟಿಯಾಗಿದ್ದವು. ಅವಕ್ಕೆ ಏನೂ ಆಗಲಿಲ್ಲ.

ಆ ಕಾಲದಲ್ಲಿ ಕಾರಿನೊಳಗೆ ಮಾತಾಡುವ ಯಂತ್ರವಿರಲಿಲ್ಲ. ಪಿಟ್ಟಿನವರು ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಬೇಕು. ಅರ್ಧ ರೇಸು ದಾಟಿ ಸಾಕಷ್ಟಾದ ಮೇಲೆ ಕೋಯ್ ಹಲಗೆ ಎತ್ತಿ ಹಿಡಿದ. ಅದರ ಮೇಲೆ ಒಂದೇ ಅಂಕಿ: ೧.

ಇವನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡ ವರ್ಲಿನ್. ಮುಂದಿನ ಸುತ್ತಿನಲ್ಲೂ ಅದೇ ಅಂಕಿ. ಕೋಯ್ ಹಲಗೆ ಹಿಡಿದು ಕೋಳಿಯ ಹಾಗೆ ಕುಣಿಯುತ್ತಿದ್ದ. ಆಗ ವರ್ಲಿನ್ ಮುಂದೆ ನೋಡಿದ. ಮುಂದೆ ಯಾರೂ ಇರಲಿಲ್ಲ.

ಅವನ ಕಾಲಿಗೆ ಆಗಲೇ ಬಿಸಿ ತಟ್ಟಿತ್ತು. ಮೊದಲು ಬೂಟಿನ ರಬ್ಬರು ಸುಟ್ಟ ವಾಸನೆ. ಆಮೇಲೆ ಇನ್ನೊಂದು ವಾಸನೆ ಬಂತು. ಚಳಿಗಾಲದಲ್ಲಿ ಹಂದಿ ಕೊಯ್ದು ಕೂದಲು ಸುಡುವಾಗ ಊರಿಗೆಲ್ಲ ಹರಡುತ್ತದಲ್ಲ, ಆ ವಾಸನೆ. ಎಲ್ಲಿಂದ ಬಂತು ಎಂದು ಕ್ಷಣ ಹುಡುಕಿದ, ಗೊತ್ತಾದ ಮೇಲೆ ಹುಡುಕುವುದು ಬಿಟ್ಟ. ಕಾಲೆತ್ತಿದರೆ ಕಾರು ನಿಧಾನವಾಗುತ್ತದೆ. ಎತ್ತಲಿಲ್ಲ.

ಪೆಟ್ರೋಲಿಗೆ ಪಿಟ್ಟಿಗೆ ಬಂದಾಗ ಕೋಯ್ ಕಿಟಕಿಯೊಳಕ್ಕೆ ತಲೆ ಹಾಕಿ ಹಿಂದಕ್ಕೆ ಹಾರಿದ. ಬಕೆಟ್ಟು ನೀರು ತಂದು ಕಾಲಿಗೆ ಸುರಿದ. ಚೊಂಯ್ ಎಂದು ಹಬೆ ಎದ್ದಿತು.

‘ಇಳಿ ಭಾವ!’

‘ಇಳಿಯಲ್ಲ.’

‘ಕಾಲು ಬೆಂದು ಹೋಗೈತೆ! ಗ್ರೇಡಿ ಬಂದು ನಿಂತವ್ನೆ ನೋಡು, ಅವನು ಓಡಿಸ್ತಾನೆ.’

ನಿಜ. ಗ್ರೇಡಿ ವಿಸ್ನಂಟ್ ಪಿಟ್ಟಿನ ಗೋಡೆಯ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ಕೂತಿದ್ದ. ಯಾರೂ ಕರೆದಿರಲಿಲ್ಲ.

‘ಬೋಲಿಕ್, ಪೈನ್ ಹಾಲೋದಲ್ಲಿ ನೀನು ಮಾಡ್ದೆ. ಇವತ್ತು ನನ್ನ ಸರದಿ’ ಎಂದು ಕೂಗಿದ.

‘ಹೋಗಿ ಇನ್ನೊಂದ್ಸಲ ಕಕ್ಕು ಹೋಗಯ್ಯ’ ಎಂದು ವರ್ಲಿನ್ ಕಾರು ಎಬ್ಬಿಸಿಕೊಂಡು ಹೊರಟೇಬಿಟ್ಟ.

ಕೋಯ್‌ಗೆ ದಿಕ್ಕು ತೋಚಲಿಲ್ಲ. ಓಡಿದ. ಹೆಂಗಸರನ್ನು ಆಗ ಪಿಟ್ಟಿನೊಳಕ್ಕೆ ಬಿಡುತ್ತಿರಲಿಲ್ಲ; ಅಪಶಕುನವಂತೆ. ಹೆಂಡತಿಯರೆಲ್ಲ ತಂತಿ ಬೇಲಿಯ ಆಚೆ. ಓಜೆಲ್ ಅಲ್ಲಿ ತಂತಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಳು.

‘ಅಕ್ಕಾ, ಕಾಲು ಸುಟ್ಕೊಂಡು ಓಡಿಸ್ತಾವ್ನೆ. ಇಳಿ ಅಂದ್ರೆ ಇಳೀತಿಲ್ಲ.’

‘ಎಷ್ಟು ಸುಟ್ಟೈತೆ?’

‘ಬೂಟಿನ ತಳ ಇಲ್ಲ. ಅದರ ಮೇಲೆ ಏನಿತ್ತೋ ಅದೂ ಇಲ್ಲ.’

ಓಜೆಲ್ ಅಳಲಿಲ್ಲ. ಟ್ರ್ಯಾಕಿನ ಕಡೆ ನೋಡಿದಳು. ಹಳೆಯ ಫೋರ್ಡು ಎದುರಿಗೇ ಹಾದುಹೋಯಿತು, ಎಲ್ಲರಿಗಿಂತ ಮುಂದೆ. ಅದು ತಿರುವು ದಾಟಿದ ಮೇಲೆ ಕೋಯ್ ಕಡೆ ತಿರುಗಿದಳು.

‘ಅವನು ಇಳಿದ್ರೂ ಹೆಸರು ಅವನ್ದೇ ಅಲ್ವೇನೋ?’

‘ಅವನ್ದೇ. ಶುರು ಮಾಡಿದ್ದು ಅವನಲ್ವಾ?’

‘ಹಲಗೆ ಮೇಲೆ ಬರಿ. ಬಟ್ಟೆ ನಿಂದೇ ಅಂತ.’

‘ಏನಂತ?’

‘ಬಟ್ಟೆ ನಿಂದೇ. ಬರಿಯೋ, ಬಾಯಿ ಬಿಟ್ಕೊಂಡು ನಿಂತವ್ನೆ!’

ಕೋಯ್ ಬರೆದು ಹಿಡಿದ. ಪಕ್ಕದ ಪಿಟ್ಟಿನವರು ಕತ್ತು ಚಾಚಿ ಓದಿದರು. ಇದು ಟೈರಿನ ಗುಟ್ಟಿರಬೇಕು ಎಂದು ಒಬ್ಬ ಹೇಳಿದ. ವರ್ಲಿನ್ ಓದಿದ. ಒಂದು ಸುತ್ತು ಹೋದ. ಮತ್ತೆ ಹಲಗೆ ಕಂಡಿತು. ಇನ್ನೊಂದು ಸುತ್ತು ಹೋದ. ಅವನಿಗೆ ಬೇಕಾದದ್ದು ಎರಡು: ತಾನೇ ಗೆಲ್ಲಬೇಕು, ತನ್ನ ಹೆಸರು ಕೂಗಬೇಕು. ಪೈನ್ ಹಾಲೋದಲ್ಲಿ ಮೊದಲನೆಯದು ಸಿಕ್ಕಿತ್ತು, ಎರಡನೆಯದು ಸಿಗಲಿಲ್ಲ. ಇಲ್ಲಿ ಇಳಿದರೆ ಎರಡನೆಯದು ಮಾತ್ರ. ಇಳಿಯದಿದ್ದರೆ ಎರಡೂ ಸಿಗಬಹುದು, ಎರಡೂ ತಪ್ಪಬಹುದು. ಮೂರನೆಯ ತಿರುವಿನಲ್ಲಿ ಕಾಲಿಗೆ ಒತ್ತು ಎಂದು ಹೇಳಿದ. ಕಾಲು ಕೇಳಲಿಲ್ಲ. ನೋವೂ ಇರಲಿಲ್ಲ. ಕಾಲೇ ಅಲ್ಲಿಲ್ಲವೇನೋ ಎನ್ನುವಂತಿತ್ತು. ಕಾರು ಅಷ್ಟಕ್ಕೇ ಉಸಿರು ಬಿಟ್ಟಿತು. ಹಿಂದಿನವನ ಮೂತಿ ಕನ್ನಡಿಯಲ್ಲಿ ದೊಡ್ಡದಾಯಿತು.

ಪಿಟ್ಟಿಗೆ ಬಂದ.

ಅವನನ್ನು ಕಿಟಕಿಯಿಂದ ಎಳೆಯುವಾಗ ಬೂಟಿನ ಚೂರು ತಗಡಿಗೇ ಅಂಟಿಕೊಂಡು ಉಳಿಯಿತು. ಗ್ರೇಡಿ ಒಳಗೆ ಇಳಿದವನು ಅದನ್ನು ನೋಡಿದ. ಆಮೇಲೆ, ‘ಗೋಣಿಚೀಲ ನೆನೆಸಿ ಕೊಡ್ರೋ!’ ಎಂದು ಕೂಗಿದ. ಒದ್ದೆ ಚೀಲವನ್ನು ಕಾಲಡಿಗೆ ತುರುಕಿಕೊಂಡು ಹೊರಟ. ಇಷ್ಟರಲ್ಲಿ ಕಾರು ಎರಡನೆಯ ಜಾಗಕ್ಕೆ ಬಿದ್ದಿತ್ತು.

ವರ್ಲಿನ್‌ನನ್ನು ಟ್ರಕ್ಕಿನ ಹಿಂದೆ ಕೂರಿಸಿ, ಕೋಲಾ ಮಾರುವವನ ಐಸಿನ ತೊಟ್ಟಿಯನ್ನು ಎತ್ತಿ ತಂದು ಅದರೊಳಕ್ಕೆ ಕಾಲು ಇಳಿಬಿಟ್ಟರು. ಬಾಟಲಿಗಳ ನಡುವೆ ಅವನ ಕಾಲು. ಮಾರುವವನು ಗೊಣಗಿದ, ‘ಇನ್ನು ಯಾರು ಕುಡೀತಾರೆ ಇದನ್ನ?’ ಅಂತ. ಕೋಯ್ ಒಂದು ಬಾಟಲಿ ಅದರಿಂದಲೇ ತೆಗೆದು, ಮುಚ್ಚಳ ಕಿತ್ತು, ಅವನ ಮುಂದೆಯೇ ಗಟಗಟ ಕುಡಿದ.

ಅಲ್ಲಿಂದ ಟ್ರ್ಯಾಕು ಕಾಣುತ್ತಿರಲಿಲ್ಲ. ಸದ್ದು ಮಾತ್ರ. ತನ್ನ ಫೋರ್ಡಿನ ಸದ್ದು ವರ್ಲಿನ್‌ಗೆ ಮಗುವಿನ ಅಳುವಿನ ಹಾಗೆ ಗುರುತು ಸಿಗುತ್ತಿತ್ತು. ಅದನ್ನು ಗ್ರೇಡಿ ಹಿಂಡುತ್ತಿದ್ದ ಬಗೆ ಕೇಳಿ, ‘ಮೆಲ್ಲಗೆ ಕಣೋ, ಮುದಿ ಗಾಡಿ ಅದು’ ಎಂದುಕೊಂಡ. ಜನ ಎದ್ದುನಿಂತು ಕಿರುಚಿದರು. ಮೈಕು ಗೊರಗೊರ ಎಂದಿತು.

‘ಸುಮ್ನಿರೋ’ ಎಂದ ವರ್ಲಿನ್.

‘ನಾನೇನೂ ಮಾತಾಡ್ಲಿಲ್ಲ ಭಾವ.’

‘ಉಸಿರಾಡಬೇಡ.’

‘ಗೆದ್ದವರು, ಬ್ರಶಿ ಫೋರ್ಕಿನ ವರ್ಲಿನ್ ಬೋಲಿಕ್!’

‘ಇನ್ನೊಂದ್ಸಲ ಹೇಳ್ತಾನಾ?’

‘ಹೇಳ್ತಾನೆ, ತಡಿ.’

ಹೇಳಿದ. ಎರಡನೆಯ ಸಲ ಇನ್ನೂ ಜೋರಾಗಿ, ಬೋಲಿಕ್ ಅನ್ನುವುದನ್ನು ಎಳೆದು ಹೇಳಿದ. ವರ್ಲಿನ್ ಕಾಲು ತೊಟ್ಟಿಯಿಂದ ತೆಗೆದ. ಹೋಮರ್ ಸ್ಪೀಗಲ್ಲನ ಮಗನಾಗಿ ಯಾರೂ ಅವನನ್ನು ಅಲ್ಲಿ ಕಾಣಲಿಲ್ಲ. ಅಷ್ಟಾಯಿತು.

ಫೋಟೋದಲ್ಲಿ ಅವನನ್ನು ಇಬ್ಬರು ಆಚೀಚೆ ಹಿಡಿದುಕೊಂಡಿದ್ದಾರೆ. ಬಲಗಾಲಿಗೆ ಯಾರದೋ ಅಂಗಿ ಸುತ್ತಿದೆ. ಮುಖದಲ್ಲಿ ನಗುವಿಲ್ಲ. ಅವನ ಕಣ್ಣು ಕ್ಯಾಮೆರಾದ ಮೇಲಿಲ್ಲ, ಬೇರೆಲ್ಲೋ ಇದೆ. ಗ್ರೇಡಿಯನ್ನು ಹುಡುಕುತ್ತಿದ್ದ. ಗ್ರೇಡಿ ದೂರದಲ್ಲಿ ಕಕ್ಕಸಿನ ಗೋಡೆಗೆ ಒರಗಿ ಸಿಗರೇಟು ಸೇದುತ್ತಿದ್ದ, ರಿವಾಜಿನಂತೆ. ಕರೆಯಬಹುದಿತ್ತು. ಅವನು ನನ್ನನ್ನು ಕರೆದನೇ ಎಂದು ವರ್ಲಿನ್‌ಗೆ ಅನ್ನಿಸಿತು. ಕರೆಯಲಿಲ್ಲ. ಹೃದಯ ದೊಡ್ಡದು ಮಾಡಿಕೊಳ್ಳುವ ದಿನ ಅದಾಗಿರಲಿಲ್ಲ, ಹಿಮ್ಮಡಿ ಉರಿಯುತ್ತಿತ್ತು.

ಆದರೆ ಓಜೆಲ್ ಬಿಡಲಿಲ್ಲ. ಬೇಲಿಯ ತೂತಿನಿಂದ ಕಾಗದದಲ್ಲಿ ಸುತ್ತಿದ ಎರಡು ಕಡುಬನ್ನು ಕೋಯ್‌ಗೆ ತೂರಿಸಿ, ‘ಗ್ರೇಡಿಗೆ ಕೊಟ್ಟು ಬಾ’ ಎಂದಳು.

‘ಇದೇನಿದು?’ ಎಂದ ಗ್ರೇಡಿ.

‘ಬಟ್ಟೇದು’ ಎಂದ ಕೋಯ್. ಅದಕ್ಕಿಂತ ಬಿಡಿಸಿ ಹೇಳಲು ಅವನಿಗೆ ಬರಲಿಲ್ಲ.

ಗ್ರೇಡಿ ಎರಡನ್ನೂ ನಿಂತಲ್ಲೇ ತಿಂದು, ಇನ್ನೊಂದು ಇದೆಯಾ ಎಂದು ಕೇಳಿದನಂತೆ.

ಹಿಮ್ಮಡಿಯ ಅರ್ಧ ಹೋಯಿತು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹೊಲಿದರು. ದಿನವಿಡೀ ನಿಲ್ಲಬೇಕಾದ ಕೆಲಸಕ್ಕೆ ಇನ್ನು ನೀನಾಗುವುದಿಲ್ಲ ಎಂದು ಮಿಲ್ಲಿನವರು ಕಳಿಸಿದರು. ರೇಸು ಅಲ್ಲಿಗೇ ಮುಗಿಯಿತು. ಆ ಕಾಲಿಗೆ ಪೆಡಲಿನ ಗುರುತು ಹತ್ತುತ್ತಿರಲಿಲ್ಲ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸ್ಟೂಲು ಹಾಕಿಕೊಂಡು ಕಾರ್ಬುರೇಟರು ರಿಪೇರಿಗೆ ಕೂತ. ಓಜೆಲ್ ಮಿಲ್ಲಿಗೆ ಹೋಗುತ್ತಲೇ ಇದ್ದಳು, ಸಂಸಾರ ನಡೆದದ್ದು ಅವಳ ಮಗ್ಗದಿಂದ.

ಕಾರ್ಬುರೇಟರು ತಂದವರು ಕಾಯುತ್ತ ಕೇಳುತ್ತಿದ್ದರು, ‘ನೀವು ಎಷ್ಟು ಗೆದ್ದಿದ್ರಿ ಯಜಮಾನ್ರೇ?’

‘ಒಂದು.’

‘ಕ್ಯಾಟಲ್ ಕ್ರೀಕ್‌ದು ತಾನೆ?’

‘ಅದನ್ನ ಗ್ರೇಡಿನ ಕೇಳು. ನಾನು ಹೇಳೋದು ಪೈನ್ ಹಾಲೋದು.’

‘ಪೈನ್ ಹಾಲೋದಲ್ಲಿ ಗೆದ್ದಿದ್ದು ಗ್ರೇಡಿ ಅಲ್ವಾ?’

‘ಅದೂ ನಿಜಾನೇ’ ಎಂದು ಸ್ಕ್ರೂ ತಿರುಗಿಸುತ್ತಿದ್ದ. ಕೇಳಿದವರು ಮುದುಕನಿಗೆ ಮರೆವು ಎಂದುಕೊಂಡು ಹೋಗುತ್ತಿದ್ದರು.

ಮಿಲ್ಲು ಮುಚ್ಚಿ ಊರು ಖಾಲಿಯಾಗುತ್ತಿದ್ದ ಕಾಲಕ್ಕೆ ಊರಿನ ಪಂಚಾಯಿತಿಯವರಿಗೆ ಏನಾದರೂ ಒಂದು ಹೆಮ್ಮೆ ಬೇಕಾಯಿತು. ಸುತ್ತ ನೋಡಿದರು. ಸಿಕ್ಕಿದ್ದು ವರ್ಲಿನ್. ಹೆದ್ದಾರಿಯ ತಿರುವಿನಲ್ಲಿ ಹಸಿರು ಫಲಕ ನೆಟ್ಟರು: ‘ಬ್ರಶಿ ಫೋರ್ಕ್. ರೇಸು ವಿಜೇತ ವರ್ಲಿನ್ ಬೋಲಿಕ್ ಅವರ ಊರು.’ ಅಪ್ಪನ ಮಂಚ ಸುರಿದಿದ್ದ ರಸ್ತೆಗೆ ಅದು ಒಂದು ಕೂಗಿನಷ್ಟು ದೂರ. ವರ್ಲಿನ್ ಕುಂಟಿಕೊಂಡು ಹೋಗಿ ಒಂದು ಸಲ ನೋಡಿ ಬಂದ. ಫಲಕದ ಅಂಚನ್ನು ಬೆರಳಿನಿಂದ ಬಡಿದು, ‘ಒಳ್ಳೇ ತಗಡು’ ಎಂದ.

ಎರಡನೆಯ ಬೇಸಿಗೆಗೆ ಫಲಕ ಮಾಯವಾಯಿತು. ಕಂಬ ಮಾತ್ರ ನಿಂತಿತ್ತು. ಊರಲ್ಲಿ ಗಲಾಟೆಯೋ ಗಲಾಟೆ. ಇದು ಊರಿಗೇ ಅವಮಾನ ಎಂದು ಪಂಚಾಯಿತಿಯವರು ಪೊಲೀಸಿನವನನ್ನು ಕರೆಸಿದರು.

ಅದೇ ವಾರ ಟೆರಿ ಹೆಫ್ನರ್ ಎಂಬವನು ಕಾರ್ಬುರೇಟರು ಕೂರಿಸಲು ವರ್ಲಿನ್‌ನನ್ನು ತನ್ನ ಶೆಡ್ಡಿಗೆ ಕರೆದುಕೊಂಡು ಹೋದ. ಟೆರಿಗೆ ಮೂವತ್ತೈದು ವಯಸ್ಸು, ಮಿಲ್ಲಿನ ಕೆಲಸ ಹೋಗಿ ಕೋಳಿ ಲಾರಿ ಓಡಿಸುತ್ತಿದ್ದ, ಶನಿವಾರ ರೇಸು. ಒಂದೂ ಗೆದ್ದಿರಲಿಲ್ಲ. ವರ್ಲಿನ್ ಕೆಲಸ ಮುಗಿಸಿ ಪೆಡಲು ನೋಡಲೆಂದು ಕಾರಿನೊಳಕ್ಕೆ ಬಾಗಿದ. ಬಲಗಾಲು ಇಡುವ ಜಾಗದಲ್ಲಿ ಹಸಿರು ಬಣ್ಣ. ‘ವಿಜೇತ ವರ್ಲಿನ್ ಬೋ’ ಎಂಬಲ್ಲಿಗೆ ಕತ್ತರಿಸಿತ್ತು.

ಟೆರಿಯ ಮುಖ ಬಿಳಿಚಿಕೊಂಡಿತು. ‘ಯಜಮಾನ್ರೇ... ಅದು... ಬೇರೆ ತಗಡು ಸಿಗಲಿಲ್ಲ...’

ವರ್ಲಿನ್ ಅಂಗೈ ಇಟ್ಟು ತಗಡು ಒತ್ತಿ ನೋಡಿದ. ರಿವೆಟ್ಟುಗಳನ್ನು ಉಗುರಿನಿಂದ ಗೀರಿದ. ಆಮೇಲೆ ಕಷ್ಟಪಟ್ಟು ಮಂಡಿಯೂರಿ, ಕಾರಿನ ಕೆಳಗೆ ಇಣುಕಿ, ಹೊಗೆಪೈಪು ಎಲ್ಲಿ ಹಾದಿದೆ ನೋಡಿದ.

‘ಕೆಳಗೆ ಕಲ್ನಾರು ಹಾಕಿದೀಯಾ?’

‘ಇಲ್ಲ. ನನ್ನ ಗಾಡಿ ಹೆಂಗೂ ಅರ್ಧಕ್ಕೇ ನಿಲ್ತದೆ.’

‘ಅರ್ಧಕ್ಕೇ ನಿಲ್ತದಾ!’ ಎಂದ ವರ್ಲಿನ್. ‘ಮಗನೇ, ಬಿಚ್ಚು ಅದನ್ನ.’

ಟೆರಿ ಬಿಚ್ಚಿದ, ಬೈಗಳಕ್ಕೆ ಕಾಯುತ್ತ. ವರ್ಲಿನ್ ಮನೆಗೆ ಹೋಗಿ ಒಂದು ಕಲ್ನಾರಿನ ಹಾಳೆ ತಂದ. ಅಳತೆಗೆ ಕತ್ತರಿಸಿ, ಕೆಳಗೆ ಹಾಸಿ, ಅದರ ಮೇಲೆ ತನ್ನ ಹೆಸರನ್ನು ಮತ್ತೆ ಕೂರಿಸಿ, ತಾನೇ ರಿವೆಟ್ಟು ಹೊಡೆದ.

ಪೊಲೀಸಿನವನು ಕೊಟ್ಟಿಗೆಗೆ ಬಂದು ಕೇಳಿದಾಗ, ‘ಗಾಳಿಗೆ ಹಾರಿರಬೇಕು’ ಎಂದ. ಓಜೆಲ್‌ಗೆ 'ಗಾಳಿ' ಒಪ್ಪಿಗೆಯಾಗಲಿಲ್ಲ.

‘ನಿನ್ನ ಹಲಗೆ ಎಲ್ಲಿ ಹೋಯ್ತು ಅಂತ ನಿಂಗೆ ಗೊತ್ತು.’

‘ಗೊತ್ತು. ರೇಸಿಗೆ ಹೋಗೈತೆ.’

ಆ ಶನಿವಾರ ಟೆರಿಯ ಗಾಡಿ ಅರ್ಧಕ್ಕೆ ನಿಲ್ಲಲಿಲ್ಲ. ಹನ್ನೊಂದನೆಯವನಾಗಿ ಬಂದ. ಹಿಮ್ಮಡಿ ನೆಟ್ಟಗಿತ್ತು.